ಬೆಳ್ಳಿಹಾಳೆಯ ಅಟ್ಟ

ಜಗಳೂರಿನ ಉಚ್ಚಂಗೆಮ್ಮ ತಗಡಿನ ಮಾಡಿನ ಕೆಳಗೆ, ಅಟ್ಟದಲ್ಲಿ ರೇಷ್ಮೆಹುಳು ಸಾಕುತ್ತಿದ್ದಳು. ೧೯೮೩ರ ಬೇಸಿಗೆಯಲ್ಲಿ ತಗಡು ಕಾದು, ಹುಳುಗಳು ಸೊಪ್ಪು ಮುಟ್ಟದೆ ಸಾಯತೊಡಗಿದವು. ಆಕೆ ಕೂತಲ್ಲಿ ಕೂರಲಾರದೆ ಏಣಿ ಹತ್ತಿ ಇಳಿಯುತ್ತಲೇ ಇದ್ದಳು. ನೆನೆಸಿ ಕಟ್ಟಿದ ಗೋಣಿಚೀಲವೂ ಗಳಿಗೆಯಲ್ಲಿ ಒಣಗುತ್ತಿತ್ತು.

ಕಡೆಗೆ ಅಂಗಡಿಗಳಲ್ಲಿ ಚಾಪುಡಿ ಪೆಟ್ಟಿಗೆಯೊಳಗಿನ ಬೆಳ್ಳಿಹಾಳೆ ಬೇಡಿ ತಂದು, ತಗಡಿಗೆ ತಾಗದಂತೆ ತೊಲೆಗಳಿಗೆ ಬಡಿಯತೊಡಗಿದಳು.

"ಅಟ್ಟಕ್ಕೆ ಸಿಂಗಾರ ಮಾಡ್ತೀಯೇನು?" ಗಂಡ ಕಲ್ಲೇಶಪ್ಪ ನಕ್ಕ.

"ಕನ್ನಡಿಗೆ ಬಿದ್ದ ಬಿಸಿಲು ಹಿಂದಕ್ಕೆ ಹೋಗಾಕಿಲ್ವಾ? ಹಂಗೇ ಈ ಕಾವೂ ಹೋಗ್ತೈತೇನೋ ನೋಡಾನ. ಮೊಳೆ ಕೊಡ್ರಿ."

ಮರುದಿನ ಮಟಮಟ ಮಧ್ಯಾಹ್ನ ಇಬ್ಬರೂ ಅಟ್ಟ ಹತ್ತಿದರು. ಸೆಕೆಯಿತ್ತು, ಮೈ ಸುಡುತ್ತಿರಲಿಲ್ಲ. ಉಳಿದ ಹುಳುಗಳು ಸರಸರನೆ ಸೊಪ್ಪು ಮೇಯುತ್ತಿದ್ದವು. ಕಲ್ಲೇಶಪ್ಪ ಇನ್ನಷ್ಟು ಸೊಪ್ಪು ತರಲು ಇಳಿದ. ಉಚ್ಚಂಗೆಮ್ಮ ಮಾತ್ರ ಹಾಳೆ ಸಾಲದೆ ಬಿಟ್ಟ ಮೂಲೆಯನ್ನೇ ನೋಡುತ್ತ ಚಡಪಡಿಸುತ್ತಿದ್ದಳು.