ವಿಸ್ಬಿಯಲ್ಲಿ ಬಿಚ್ಚಿದ ಬುತ್ತಿ

ಸೇಡು ತೀರಿಸಿಕೊಳ್ಳಲು ಯಾರಾದರೂ ಖಡಕ್ ರೊಟ್ಟಿ ಮಾಡುತ್ತಾರೆಯೇ? ನಾನು ಮಾಡಿದ್ದೇನೆ. ಕಳೆದ ಬೇಸಿಗೆಯಲ್ಲಿ ಸ್ಟಾಕ್‌ಹೋಮಿಗೆ ಹೋಗಿ ಹಡಗು ಹತ್ತುವ ಮೊದಲು, ಸ್ವೀಡನ್ನಿನ ಟೋರ್ಸ್‌ಲಾಂಡ ಎಂಬ ಊರಿನ ನಮ್ಮ ಅಡುಗೆಮನೆಯಲ್ಲಿ, ಹೊಗೆಯ ಅಲಾರಂ ಕಿರುಚಿಕೊಂಡರೂ ಬಿಡದೆ ಜೋಳದ ಹಿಟ್ಟು ನಾದಿ ರೊಟ್ಟಿ ಬಡಿದೆ. ಪ್ರತಿ ರೊಟ್ಟಿ ಬಡಿಯುವಾಗಲೂ ಒಬ್ಬಳ ಕೆನ್ನೆಯನ್ನು ನೆನೆಯುತ್ತಿದ್ದೆ. ಅಷ್ಟು ತೆಳ್ಳಗೆ, ಅಷ್ಟು ದುಂಡಗೆ ನನ್ನ ಕೈಯಲ್ಲಿ ಹಿಂದೆಂದೂ ರೊಟ್ಟಿ ಬಂದಿರಲಿಲ್ಲ.

ಆ ಕೆನ್ನೆಯ ಒಡತಿ ನನ್ನ ಗಂಡನ ಸಹೋದ್ಯೋಗಿಯ ಹೆಂಡತಿ. ಬೆಂಗಳೂರಿನವಳು. ನಮಗಿಂತ ಮೊದಲೇ ಸ್ವೀಡನ್ನಿಗೆ ಬಂದವಳಾದ್ದರಿಂದ ಈ ದೇಶವನ್ನು ತಾನೇ ಕಟ್ಟಿಸಿದಂತೆ ಮಾತನಾಡುತ್ತಿದ್ದಳು. ಹೊಸದಾಗಿ ಬಂದ ಕನ್ನಡದವರು ಬಾಯಿ ತೆರೆದರೆ ಸಾಕು, 'ಇಲ್ಲಿ ಹಾಗಲ್ಲ ರೀ' ಎಂದು ಶುರು. ಫೀಕಾ ಎಂಬ ಕಾಫಿ-ತಿಂಡಿಯ ಕೂಟಕ್ಕೆ ಕರೆದರೆ ಏನು ತರಬೇಕು, ಬಸ್ಸಿನಲ್ಲಿ ಯಾರ ಪಕ್ಕ ಕೂರಬಾರದು, ಎಲ್ಲದಕ್ಕೂ ಅವಳ ಬಳಿ ಒಂದು ಪದ್ಧತಿ ಇರುತ್ತಿತ್ತು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಇವಳಿಗೆ ಬಂದದ್ದು ಐಶ್ವರ್ಯವೂ ಅಲ್ಲ, ಬರೀ ಪರ್ಮನೆಂಟ್ ರೆಸಿಡೆನ್ಸಿ.

ಇದನ್ನೆಲ್ಲ ನಾನು ಸಹಿಸಿಕೊಂಡಿದ್ದೆ. ನಾನು ಹುಬ್ಬಳ್ಳಿಯವಳು. ಬೆಂಗಳೂರಿನವರ ನಡುವೆ ನನ್ನ ಮಾತನ್ನೂ ಸ್ವಲ್ಪ ಮೆತ್ತಗೆ ಮಾಡಿಕೊಂಡು, 'ಹೌದ್ರಿ' ಎನ್ನುವ ಕಡೆ 'ಹೌದು ರೀ' ಎನ್ನುತ್ತಾ ಕಾಲ ತಳ್ಳುತ್ತಿದ್ದೆ. ಸಹಿಸಿಕೊಳ್ಳಲಾಗದ್ದು ನಡೆದದ್ದು ಮೇ ತಿಂಗಳಲ್ಲಿ.

ಅವಳ ಮಗಳೂ ನನ್ನ ಮಗಳೂ ಒಂದೇ ತರಗತಿ. ಅವತ್ತು ನನಗೆ ಆಫೀಸಿನಲ್ಲಿ ತಡವಾಗುತ್ತದೆಂದು, ಶಾಲೆ ಮುಗಿದ ಮೇಲೆ ನನ್ನ ಮಗಳನ್ನೂ ತನ್ನ ಮನೆಗೆ ಕರೆದುಕೊಂಡು ಹೋಗುವಂತೆ ಅವಳನ್ನು ಕೇಳಿದ್ದೆ. ಸಂಜೆ ಕರೆತರಲು ಹೋದಾಗ ಬಾಗಿಲು ತೆರೆದವನು ಅವಳ ಗಂಡ, ಬಾಯಲ್ಲಿ ತುತ್ತು ಇತ್ತು. ಮನೆಯ ತುಂಬ ಒಗ್ಗರಣೆಯ ವಾಸನೆ. ಒಳಗಿನಿಂದ ತಟ್ಟೆಯ ಸದ್ದು ಬರುತ್ತಿತ್ತು. ಪಕ್ಕದ ಕೋಣೆಯಲ್ಲಿ ನನ್ನ ಮಗಳು ಒಬ್ಬಳೇ ಕಾರ್ಪೆಟ್ ಮೇಲೆ ಕೂತು ಲೆಗೋ ಜೋಡಿಸುತ್ತಿದ್ದಳು. ಜೋಡಿಸುತ್ತಿದ್ದಳು ಎನ್ನುವುದೂ ಸುಳ್ಳು. ಒಂದು ತುಂಡನ್ನು ಕೈಯಲ್ಲಿ ಹಿಡಿದು ಬಾಗಿಲ ಕಡೆ ನೋಡುತ್ತಿದ್ದಳು.

ಮನೆಯೊಡತಿ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದಳು. ನನ್ನ ಮುಖ ನೋಡಿ ಅರ್ಥವಾಯಿತೆಂದು ಕಾಣುತ್ತದೆ, ನಕ್ಕಳು.

"ಇಲ್ಲಿ ಹಾಗೇ ಅಲ್ವಾ ರೀ. ಫ್ರೆಂಡ್ ಮನೇಲಿ ಊಟದ ಟೈಮ್ ಆದ್ರೆ ಮಕ್ಳು ರೂಮಲ್ಲಿ ವೇಟ್ ಮಾಡ್ತಾರೆ. ನಿಮ್ಮನೆ ಡಿನ್ನರ್ ಪ್ಲಾನ್ ನಾವ್ಯಾಕೆ ಹಾಳು ಮಾಡೋದು? ಸಿಸ್ಟಮ್ ರೆಸ್ಪೆಕ್ಟ್ ಮಾಡ್ಬೇಕು."

ಅಂಥದೊಂದು ಪದ್ಧತಿ ಈ ದೇಶದಲ್ಲಿ ಇತ್ತು ಎಂದು ನಾನೂ ಕೇಳಿದ್ದೇನೆ. ಆದರೆ ನಮ್ಮ ಪಕ್ಕದ ಮನೆಯ ಸ್ವೀಡಿಷ್ ಅಜ್ಜಿ ನನ್ನ ಮಗಳನ್ನು ಕಂಡರೆ ಕೇಳದೆಯೇ ಪ್ಯಾನ್‌ಕೇಕ್ ಹಾಕಿ ಕೂರಿಸುತ್ತಾಳೆ. ಊರಿನವರೇ ಬಿಟ್ಟುಹೋದ ಚಪ್ಪಲಿಯನ್ನು ಇವಳು ಹುಡುಕಿ ಮೆಟ್ಟಿಕೊಂಡಿದ್ದಳು. ನಾನು ಮಗಳಿಗೆ ಶೂ ಹಾಕಿಸಿದೆ. ಬಾಯಿ ತೆರೆದಿದ್ದರೆ ಹುಬ್ಬಳ್ಳಿಯ ಮಾತು ಬರುತ್ತಿತ್ತು, ಎದುರಿಗೆ ಮಗಳಿದ್ದಳು.

ಕಾರಿನಲ್ಲಿ ಮಗಳು ಸೀಟ್ ಬೆಲ್ಟ್ ಹಾಕಿಕೊಂಡಳು. ಆಮೇಲೆ, "ಮಮ್ಮಾ, ಅವ್ರ ಮನೇಲಿ ಸಾಂಬಾರ್ ಇತ್ತು" ಎಂದಳು. ಅಷ್ಟೇ. ಅಳಲಿಲ್ಲ, ದೂರಲಿಲ್ಲ. ನಮ್ಮ ಕಡೆ ಮನೆಗೆ ಬಂದ ನಾಯಿಗೂ ಒಂದು ತುಣುಕು ಹಾಕಿ ನಾವು ತಿನ್ನುತ್ತೇವೆ. ನನ್ನ ಮಗಳನ್ನು ಬಾಗಿಲಾಚೆ ಕೂರಿಸಿ ಉಂಡವಳಿಗೆ ಅದೇ ಅವಮಾನವನ್ನು ಉಣ್ಣಿಸದೆ ಬಿಡುವುದಿಲ್ಲ ಎಂದುಕೊಂಡೆ.

ಆದ್ದರಿಂದಲೇ, ಎರಡೂ ಮನೆಯವರು ಸೇರಿ ಹಡಗಿನಲ್ಲಿ ಗಾಟ್‌ಲ್ಯಾಂಡ್ ದ್ವೀಪಕ್ಕೆ ಹೋಗಿ ಬರೋಣವೆಂದು ಗಂಡ ಹೆದರುತ್ತಾ ಕೇಳಿದಾಗ ನಾನು ಕೂಡಲೇ ಒಪ್ಪಿದೆ. ಅವಳ ತಾಯಿ ಬೆಂಗಳೂರಿನಿಂದ ಬಂದಿದ್ದಾರೆ, ಅವರೂ ಬರುತ್ತಾರೆ ಎಂದ. ಆಗ ನನ್ನ ಉತ್ಸಾಹ ಇಮ್ಮಡಿಯಾಯಿತು. ಗಂಡನ ಎದುರು, ಸ್ನೇಹಿತರ ಎದುರು ಅವಮಾನವಾದರೆ ಮರೆಯಬಹುದು. ಹೆತ್ತ ತಾಯಿಯ ಎದುರು ಆದದ್ದನ್ನು ಮರೆಯಲು ಆಗುವುದಿಲ್ಲ. ನನಗೆ ಬೇಕಿದ್ದದ್ದು ಅದೇ.

ಹಡಗು ಬೆಳಗ್ಗೆ ಆ ದ್ವೀಪದ ವಿಸ್ಬಿ ಬಂದರಿಗೆ ಬಂತು. ಸಂಜೆಯವರೆಗೆ ಊರು ನಮ್ಮದು. ಗಂಡಸರಿಬ್ಬರೂ ಸೈಕಲ್ ಬಾಡಿಗೆಗೆ ಹಿಡಿದು ಕೋಟೆಯ ಗೋಡೆ ಸುತ್ತಲು ಹೋದರು. ನಾವು ಹೆಂಗಸರು ಮೂವರು, ಹುಡುಗಿಯರಿಬ್ಬರು, ಕಲ್ಲು ಹಾಸಿದ ಓಣಿಗಳನ್ನು ನಿಧಾನವಾಗಿ ಹತ್ತಿದೆವು. ಸುಣ್ಣದ ಕಲ್ಲಿನ ಪುಟ್ಟ ಮನೆಗಳು, ಪ್ರತಿ ಬಾಗಿಲಲ್ಲೂ ಗುಲಾಬಿ, ಮೇಲೆ ಚಾವಣಿಯೇ ಇಲ್ಲದ ಹಳೆಯ ಚರ್ಚುಗಳು. ಅವಳ ತಾಯಿ ಸೀರೆಯ ಮೇಲೆ ಸ್ವೆಟರ್, ಕಾಲಿಗೆ ಮೊಮ್ಮಗಳ ಆಯ್ಕೆಯ ಬಿಳಿ ಶೂ ಹಾಕಿಕೊಂಡಿದ್ದರು. ಒಳ್ಳೆಯ ಹೆಂಗಸು. ಒಂದೊಂದು ಗುಲಾಬಿಯ ಮುಂದೆಯೂ ನಿಂತು, ಇದರ ಒಂದು ಕಡ್ಡಿ ಸಿಕ್ಕರೆ ಊರಿಗೆ ಒಯ್ಯಬಹುದಿತ್ತು ಎನ್ನುತ್ತಿದ್ದರು. ಅವರನ್ನು ದ್ವೇಷಿಸಲು ಪ್ರಯತ್ನಿಸಿದೆ, ಆಗಲಿಲ್ಲ.

ಆದರೆ ಒಂದನ್ನು ಗಮನಿಸಿದೆ. ಆ ತಾಯಿಗೆ ಹಸಿವಾಗಿತ್ತು. ಹಡಗಿನ ಊಟದ ಮನೆಯಲ್ಲಿ ಮೀನು, ಮಾಂಸ, ಮೊಟ್ಟೆಗಳ ಸಾಲನ್ನು ದಾಟಿ ಅವರು ತಂದುಕೊಂಡದ್ದು ಬ್ರೆಡ್ಡು ಮತ್ತು ಬಾಳೆಹಣ್ಣು. ಮಗಳು, 'ಅಡ್ಜಸ್ಟ್ ಮಾಡ್ಕೊಳಮ್ಮ' ಎಂದಿದ್ದಳು. ನನ್ನ ಚೀಲದಲ್ಲಿ ಬುತ್ತಿ ಇತ್ತು. ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಅವಳ ಕಣ್ಣು ತಪ್ಪಿಸಿ ಹಡಗಿನ ಕೋಣೆಯಲ್ಲೇ ಕಲಸಿದ ಮೊಸರು ಅವಲಕ್ಕಿ, ನಿಂಬೆಕಾಯಿ ಉಪ್ಪಿನಕಾಯಿ. ನಾನು ಕಾಯುತ್ತಿದ್ದೆ.

ಹಾಳುಬಿದ್ದ ಚರ್ಚೊಂದರ ಪಕ್ಕದ ತೋಟದಲ್ಲಿ ಕೆಫೆ ಇತ್ತು. ಅಲ್ಲಿಯ ವಿಶೇಷವೆಂದರೆ ಕೇಸರಿ ಹಾಕಿದ ಪ್ಯಾನ್‌ಕೇಕ್. ಹೆಸರಿಗೆ ಪ್ಯಾನ್‌ಕೇಕ್, ಆದರೆ ಅನ್ನದ ಗಂಜಿಗೆ ಹಾಲು, ಕೇಸರಿ ಬೆರೆಸಿ ಒಲೆಯಲ್ಲಿ ಬೇಯಿಸಿ ಚೌಕವಾಗಿ ಕತ್ತರಿಸುತ್ತಾರೆ. ನೋಡಿದರೆ ಥೇಟ್ ಕೇಸರಿಬಾತ್. ಅವಳು ಒಂದು ತಟ್ಟೆ ತಂದು ತಾಯಿಯ ಮುಂದಿಟ್ಟಳು.

"ನೋಡಮ್ಮ, ನಮ್ಮ ಕೇಸರಿಬಾತೇ. ರೈಸ್, ಮಿಲ್ಕ್, ಕೇಸರಿ. ಈ ಊರಿನ ಟ್ರೆಡಿಷನ್. ತಿನ್ನು, ಪ್ಯೂರ್ ವೆಜ್."

ಅದರಲ್ಲಿ ಮೊಟ್ಟೆ ಇದೆ ಎಂದು ನನಗೆ ಗೊತ್ತಿತ್ತು. ಮೊಟ್ಟೆಯಿಲ್ಲದೆ ಅದು ಗಟ್ಟಿಯಾಗಿ ನಿಲ್ಲುವುದೇ ಇಲ್ಲ. ಸ್ವೀಡನ್ನಿನ ಪದ್ಧತಿಗಳ ಪಂಡಿತೆಗೆ ಅಷ್ಟು ಗೊತ್ತಿರಲಿಲ್ಲ, ಅಂಗಡಿಯವಳನ್ನು ಕೇಳಲು ಬಿಂಕ ಬಿಡಲಿಲ್ಲ. ನಾನು ತಕ್ಷಣ ಹೇಳಬಹುದಿತ್ತು. ಹೇಳಲಿಲ್ಲ. ತಾಯಿ ಚಮಚ ಎತ್ತಿದರು, ಊದಿದರು, ಬಾಯಿಯ ಹತ್ತಿರ ತಂದರು. ಆಗ ಹೇಳಿದೆ.

"ಅಮ್ಮಾ, ಅದ್ರಾಗ ತತ್ತಿ ಹಾಕ್ತಾರ್ರಿ."

ಚಮಚ ತಟ್ಟೆಗೆ ಬಿತ್ತು. ಇಲ್ಲ, ಇರಲಿಕ್ಕಿಲ್ಲ ಎಂದು ಅವಳು ಕೌಂಟರಿಗೆ ಓಡಿದಳು. ವಾಪಸು ಬಂದಾಗ ಅವಳ ಮುಖ ನೋಡಿ ನನಗೆ ಆದ ಸಂತೋಷವನ್ನು ಮುಚ್ಚಿಡುವುದಿಲ್ಲ. ಒಳಗೊಳಗೇ ಹಬ್ಬ ಮಾಡಿದೆ.

"ನಡೀರಿ ಅಮ್ಮಾ, ನಾ ಬುತ್ತಿ ತಂದೀನಿ" ಎಂದು ಅವರ ಕೈ ಹಿಡಿದು ಎಬ್ಬಿಸಿದೆ. ಸಮುದ್ರದ ಕಡೆ ಇಳಿದರೆ ಗೋಡೆಯ ಬುಡದಲ್ಲಿ ಒಂದು ಉದ್ಯಾನವಿದೆ, ಕೊಳದಲ್ಲಿ ಬಾತುಕೋಳಿಗಳು. ಹುಲ್ಲಿನ ಮೇಲೆ ದುಪಟ್ಟಾ ಹಾಸಿ ಡಬ್ಬಿ ಬಿಚ್ಚಿದೆ. ರೊಟ್ಟಿ ಮುರಿದ ಸದ್ದಿಗೆ ತಾಯಿಯ ಮುಖ ಅರಳಿತು. ಅವರಿಗೆ ಬಡಿಸಿದೆ. ನನ್ನ ಮಗಳಿಗೆ ಬಡಿಸಿದೆ. ಅವಳ ಮಗಳಿಗೂ ಕೈತುಂಬ ಬಡಿಸಿದೆ, ಮಗುವಿಗೆ ಅಂಥದ್ದು ಮಾಡುವಷ್ಟು ನಾನು ಕೆಟ್ಟಿಲ್ಲ. ಡಬ್ಬಿಯ ಮುಚ್ಚಳ ಹಾಕಿದೆ.

ಅವಳು ಕೈ ಚಾಚಿದಳು. "ನಂಗೂ ಒಂದು ರೊಟ್ಟಿ ಕೊಡಿ ರೀ."

ಎರಡು ತಿಂಗಳಿಂದ ಬಾಯಿಪಾಠ ಮಾಡಿಕೊಂಡಿದ್ದ ಮಾತು, ಹುಬ್ಬಳ್ಳಿಯದೇ ರಾಗದಲ್ಲಿ ಬಂತು. "ಬ್ಯಾಡ್ರಿ. ನಿಮ್ಮ ಊಟದ ಪ್ಲಾನ್ ನಾ ಯಾಕ ಹಾಳ ಮಾಡ್ಲಿ? ನೀವು ಅಲ್ಲೆ ಬಾತುಕೋಳಿ ನೋಡ್ಕೊಂತ ಕುಂದರ್ರಿ. ನಾವು ಲಗೂನ ಉಂಡ್ ಬರ್ತೀವಿ. ಸಿಸ್ಟಮ್ ಐತಲ್ರೀ."

ಅವಳ ಕೈ ಹಾಗೇ ನಿಂತಿತು. ತಾಯಿ ಅಗಿಯುವುದನ್ನು ನಿಲ್ಲಿಸಿ, ಏನಿದು ಎಂದು ಕೇಳಿದರು. ನಾನು ಹೇಳಿದೆ. ಕೋಣೆ, ಕಾರ್ಪೆಟ್, ತಟ್ಟೆಯ ಸದ್ದು, ಎಲ್ಲವನ್ನೂ ಹೇಳಿದೆ. ಅವಳು, "ಜೋಕ್ ಮಾಡ್ತಿದಾರೆ ಅಮ್ಮ" ಎನ್ನುವಷ್ಟರಲ್ಲಿ ಅವಳ ಮಗಳೇ ರೊಟ್ಟಿ ಕಡಿಯುತ್ತಾ, "ನೋ ಮಮ್ಮಾ, ಇಟ್ಸ್ ಟ್ರೂ. ಅಜ್ಜಿ ಸಾಂಬಾರ್ ಮಾಡಿದ್ ಡೇ" ಎಂದುಬಿಟ್ಟಳು.

ಅಜ್ಜಿ ಸಾಂಬಾರ್ ಮಾಡಿದ ದಿನ. ಅವತ್ತು ಆ ಮನೆಯೊಳಗೆ ಈ ತಾಯಿ ಇದ್ದರೆಂದು ನನಗೆ ಗೊತ್ತೇ ಇರಲಿಲ್ಲ.

ತಾಯಿ ಮಗಳ ಕಡೆ ತಿರುಗಿದರು. ದನಿ ಏರಿಸಲಿಲ್ಲ. "ನಾನು ಬಂದ ಮಾರನೇ ದಿನ ಅಲ್ವೇನೇ ಅದು? ಬಾಗಿಲ ಹತ್ರ ಪುಟ್ಟ ಶೂ ನೋಡಿ ಯಾರದು ಅಂತ ಕೇಳ್ದೆ. ಫ್ರೆಂಡು, ಉಂಡ್ಕೊಂಡೇ ಬಂದಿದಾಳೆ, ಮಲಗಿದಾಳೆ ಅಂದೆ ನೀನು."

ನನಗೆ ಆಗ ಎಲ್ಲ ತಿಳಿಯಿತು. ಪದ್ಧತಿ ಎಂದು ನಂಬಿ ಮಾಡಿದ್ದರೆ ತಾಯಿಗೆ ಸುಳ್ಳು ಯಾಕೆ ಹೇಳಬೇಕಿತ್ತು? ತಪ್ಪು ಎಂದು ಅವಳಿಗೆ ಗೊತ್ತಿತ್ತು. ಇನ್ನೊಂದು ತಟ್ಟೆ ಇಡಲು ಮನಸ್ಸಿರಲಿಲ್ಲ, ಅಷ್ಟೇ. ನಾನು ಗೆದ್ದಿದ್ದೆ. ಬೇಕೆಂದುಕೊಂಡದ್ದಕ್ಕಿಂತ ಹೆಚ್ಚೇ ಸಿಕ್ಕಿತ್ತು. ಚಪ್ಪಾಳೆ ತಟ್ಟಬೇಕೆನ್ನಿಸಿತು.

ಆದರೆ ತಾಯಿ ಕೈಯಲ್ಲಿದ್ದ ರೊಟ್ಟಿಯನ್ನು ಮೆಲ್ಲಗೆ ತಟ್ಟೆಯಲ್ಲಿಟ್ಟರು. ಬಾಟಲಿಯ ನೀರಿನಿಂದ ಕೈ ತೊಳೆದುಕೊಂಡರು. ಒದ್ದೆ ಕೈಯಲ್ಲೇ ನನ್ನ ಮಗಳ ಗಲ್ಲ ಹಿಡಿದರು. "ನಾನೇ ಮಾಡಿದ್ದು ಕಣೇ ಆ ಸಾಂಬಾರು. ಎರಡು ಸಲ ಹಾಕಿಸ್ಕೊಂಡು ಉಂಡೆ. ನೀನು ಪಕ್ಕದ ರೂಮಲ್ಲಿ ಹಸ್ಕೊಂಡು ಕೂತಿದ್ದೆ. ನಂಗೆ ಗೊತ್ತಾಗ್ಲಿಲ್ಲ ಪುಟ್ಟಾ" ಎಂದು ಎರಡೂ ಕೈ ಜೋಡಿಸಿದರು. ಒಂಬತ್ತು ವರ್ಷದ ಮಗುವಿಗೆ.

ನಾನು ಅವರ ಕೈ ಬಿಡಿಸಿದೆ. ಉಣ್ರಿ ಅಮ್ಮಾ, ನಿಮ್ಮದೇನೂ ತಪ್ಪಿಲ್ಲ, ನಿಮಗ ಅಂತನ ತಂದೀನಿ ಎಂದು ಬೇಡಿಕೊಂಡೆ. ಅವರು ತಲೆ ಅಲ್ಲಾಡಿಸಿದರು. ನನ್ನಿಂದ ಉಣ್ಣಲಾಗದು ಕಣಮ್ಮ, ಬೇಸರ ಮಾಡಿಕೊಳ್ಳಬೇಡ ಎಂದರು. ಉಳಿದ ಮಧ್ಯಾಹ್ನವೆಲ್ಲ ಅವರು ಕೊಳದ ಕಡೆ ನೋಡುತ್ತಾ ಕೂತರು. ಸಂಜೆ ಹಡಗಿನ ಮೆಟ್ಟಿಲನ್ನು ಕಂಬಿ ಹಿಡಿದು, ಖಾಲಿ ಹೊಟ್ಟೆಯಲ್ಲಿ ಹತ್ತಿದರು. ಹಿಂದಿನಿಂದ ಅವಳು ಫೋನ್ ನೋಡುತ್ತಾ ಹತ್ತಿದಳು.

ಹಡಗು ಹೊರಟ ಮೇಲೆ ಉಳಿದ ರೊಟ್ಟಿ, ಚಟ್ನಿಪುಡಿಯನ್ನು ಡಬ್ಬಿಯಲ್ಲಿ ಹಾಕಿ ಅವರ ಕೋಣೆಯ ಬಾಗಿಲು ತಟ್ಟಿದೆ. ಅವಳೇ ತೆರೆದಳು. ಅವಳ ಮುಖ ನೋಡದೆ, "ಅಮ್ಮಗ ಕೊಡ್ರಿ" ಎಂದು ಡಬ್ಬಿ ಕೈಗಿಟ್ಟು ಬಂದೆ.

ಮರುದಿನ ತಿಂಡಿಯ ಹೊತ್ತಿಗೆ ಅವಳು ನಮ್ಮ ಮೇಜಿಗೆ ಬಂದು ಡಬ್ಬಿಯನ್ನು ಇಟ್ಟಳು. ತೊಳೆದು ಒರೆಸಿದ್ದಳು. "ಥ್ಯಾಂಕ್ಸ್ ರೀ. ಅಮ್ಮ ಬೇಡ ಅಂದ್ರು. ವೇಸ್ಟ್ ಆಗುತ್ತಲ್ಲ ಅಂತ ನಾನೇ ತಿಂದೆ. ಚಟ್ನಿಪುಡಿ ಸೂಪರ್, ರೆಸಿಪಿ ಕಳ್ಸಿ." ಹೇಳಿದವಳು ಬಫೆಯ ಕಡೆ ಹೋದಳು. ಮುಖದಲ್ಲಿ ನಿನ್ನೆಯ ಗುರುತೇ ಇರಲಿಲ್ಲ. ನಾನು ಬಡಿದ ರೊಟ್ಟಿಯನ್ನು ನಾನೇ ಅವಳ ಬಾಗಿಲಿಗೆ ಒಯ್ದು ಉಣ್ಣಿಸಿದ್ದೆ.

ಆಗ ಅವಳ ತಾಯಿ ಒಂದು ತಟ್ಟೆಯಲ್ಲಿ ಬ್ರೆಡ್ಡು, ಬಾಳೆಹಣ್ಣು ಹಿಡಿದು ಬಂದರು. ಮಗಳ ಮೇಜಿಗೆ ಹೋಗಲಿಲ್ಲ. ನನ್ನ ಮಗಳ ಎದುರಿನ ಕುರ್ಚಿಯಲ್ಲಿ ಕೂತರು, ತಟ್ಟೆ ಮುಟ್ಟಲಿಲ್ಲ. ನನ್ನ ಮಗಳು ತನ್ನ ಗಂಜಿಯನ್ನು ಚಮಚದಲ್ಲಿ ತೆಗೆದು ಬಾಯಿಗಿಟ್ಟು ನುಂಗುವವರೆಗೆ ನೋಡುತ್ತಾ ಕೂತಿದ್ದು, ಆಮೇಲೆ ಬ್ರೆಡ್ಡು ಮುರಿದರು.

ಆ ತಾಯಿ ಬೆಂಗಳೂರಿಗೆ ಹಿಂತಿರುಗಿದ್ದಾರೆ. ಇವಳು ಇಲ್ಲೇ ಇದ್ದಾಳೆ, ಹೊಸಬರಿಗೆ 'ಇಲ್ಲಿ ಹಾಗಲ್ಲ ರೀ' ಎನ್ನುತ್ತಾ ದುಂಡಗೆ ಇದ್ದಾಳೆ. ಮೊದಲು ನನ್ನ ಮಗಳಿಗಾಗಿ ಮಾತ್ರ ಅವಳ ಮೇಲೆ ಹಲ್ಲು ಕಡಿಯುತ್ತಿದ್ದೆ. ಈಗ ಅವಳ ತಾಯಿಗಾಗಿಯೂ ಕಡಿಯುತ್ತೇನೆ.