ಅತ್ತೆಯ ಬೈಠಕ್

ನನ್ನ ಅತ್ತೆ ಕುಂಟುವ ನಾಟಕ ಆಡುತ್ತಿದ್ದಾರೆಂದು ನಾನು ಮದುವೆಯಾಗಿ ಕಲ್ಯಾಣ ಪಟ್ಟಣಕ್ಕೆ ಬಂದ ವರ್ಷವೇ ತೀರ್ಮಾನಿಸಿಬಿಟ್ಟಿದ್ದೆ. ನಿಜಾಮರ ಕಾಲ ಅದು. ನನಗೆ ಹದಿನೇಳು ವರ್ಷ, ಸಿಟ್ಟು ಮೂಗಿನ ತುದಿಯಲ್ಲೇ. ಬೀಸುವ ಕಲ್ಲಿನ ಮುಂದಿನಿಂದ ಏಳುವಾಗ ಅವರಿಗೆ ಗೋಡೆ ಬೇಕು, ನನ್ನ ಹೆಗಲು ಬೇಕು, ‘ಮೊಣಕಾಲು, ಮೊಣಕಾಲು’ ಎಂಬ ನರಳಾಟ ಬೇಕು. ಅಂಗಳದಲ್ಲಿ ಹತ್ತು ಹೆಜ್ಜೆ ಹಾಕಿದರೆ ಕುಂಟು ಅರ್ಧ ಮಾಯ! ಬಳೆಗಾರ ಕೂಗಿದರೆ ನನಗಿಂತ ಮೊದಲು ಬಾಗಿಲಲ್ಲಿ ಅವರೇ. ಕದದ ಸಂದಿಯಿಂದ ಎಷ್ಟೋ ಸಲ ಕದ್ದು ನೋಡಿದ್ದೇನೆ. ಬೀಸುವ ಕೆಲಸವನ್ನೆಲ್ಲ ನನ್ನ ತಲೆಗೆ ಕಟ್ಟುವ ಉಪಾಯ ಇದು ಎಂದು ಒಳಗೊಳಗೇ ಕುದಿಯುತ್ತಿದ್ದೆ.

ಕೊನೆಗೆ ನನ್ನ ಗಂಡ ಬಂಡಿ ಕಟ್ಟಿಸಿ ನಮ್ಮಿಬ್ಬರನ್ನೂ ಹುಮನಾಬಾದಿಗೆ ಕರೆದೊಯ್ದರು. ಅಲ್ಲಿ ಗರಡಿಮನೆಯ ಮುದಿ ಉಸ್ತಾದರೊಬ್ಬರಿದ್ದರು. ಪೈಲ್ವಾನರ ಕೀಲುನೋವನ್ನು ಕಸರತ್ತಿನಿಂದಲೇ ಇಳಿಸುತ್ತಾರೆಂದು ಅವರಿಗೆ ಹೆಸರು. ಆದರೆ ನಮ್ಮ ಮನೆತನದ ಹೆಂಗಸಿನ ಕಾಲನ್ನು ಪರಗಂಡಸು ಮುಟ್ಟುವುದಿರಲಿ, ನೋಡುವಂತೆಯೂ ಇರಲಿಲ್ಲ. ಹೀಗಾಗಿ ಅತ್ತೆ ಒಳಕೋಣೆಯ ಹೊರಸಿನ ಮೇಲೆ ಮಲಗಿದರು, ನಾನು ಪಕ್ಕದಲ್ಲಿ ನಿಂತೆ, ಉಸ್ತಾದರು ಪರದೆಯ ಆಚೆ ಕೂತರು.

“ನೋಡು ಬೇಟಿ, ಒಮ್ಮೊಮ್ಮೆ ಬ್ಯಾನಿ ಮೊಣಕಾಲಾಗ ಕಾಣ್ತದ, ಆದ್ರ ಕೆಟ್ಟಿರೂದು ತೊಡೀ ಸಂದು. ಸಂದು ಕೆಟ್ಟಿದ್ರ ಕುಂತು ಏಳೂ ಬೈಠಕ್ ಹೊಡೀಬಾರದು, ಹಾಸಿಗಿ ಹಿಡೀತಾರ. ಮೊಣಕಾಲು ಮಡಿಚಿ ಪಾದ ಹೊರಗ ತಿರುಗ್ಸು. ತಿರುಗಾಕತ್ತದೇನು?”

ತಿರುಗಿಸಿದೆ. ಒಂದಿಷ್ಟೇ ಬಂದು ಪಾದ ಅಲ್ಲೇ ನಿಂತಿತು. ಅತ್ತೆ ಹೊರಸಿನ ಹಗ್ಗ ಬಿಗಿಹಿಡಿದರು. ಬೇಕೆಂದೇ ಕಾಲು ಬಿಗಿ ಮಾಡಿಕೊಂಡಿದ್ದಾರೆ, ಇವರ ಆಟ ನನಗೆ ಗೊತ್ತಿಲ್ಲವೇ ಎಂದುಕೊಂಡೆ.

“ತಿರುಗಾಕತ್ತದ್ರಿ. ಆರಾಮ ತಿರುಗಾಕತ್ತದ” ಎಂದೆ.

ಅತ್ತೆ ನನ್ನ ಮುಖ ನೋಡಿದರು.

“ಹಂಗಾದ್ರ ಸಂದು ಸಾಫ್ ಅದ. ಬಾಗಿಲ ಚೌಕಟ್ಟ ಹಿಡದು ದಿನಾ ಹತ್ತು ಬೈಠಕ್ ಹೊಡಸು” ಎಂದರು ಉಸ್ತಾದರು.

ಮನೆಯಲ್ಲಿ ಮರುದಿನದಿಂದಲೇ ಶುರು. ಚೌಕಟ್ಟು ಹಿಡಿದು ಕುಕ್ಕರಿಸುವುದು, ಏಳುವುದು. ಕಳ್ಳಾಟ ಆಡಿಯಾರೆಂದು ನಾನು ಎದುರಿಗೇ ನಿಂತು ಗಟ್ಟಿಯಾಗಿ ಎಣಿಸುತ್ತಿದ್ದೆ. ಅವರು ಒಂದನ್ನೂ ತಪ್ಪಿಸಲಿಲ್ಲ. ತುಟಿ ಕಚ್ಚಿಕೊಂಡು, ಹಣೆಯ ವಿಭೂತಿ ಬೆವರಿಗೆ ಇಳಿದು ಹೋಗುವವರೆಗೆ ಹೊಡೆದರು. ನಾಟಕಕ್ಕೂ ಒಂದು ಮಿತಿ ಬೇಡವೇ ಎಂದು ನನಗೆ ಇನ್ನಷ್ಟು ರೇಗಿತು. ಒಂಬತ್ತನೆಯ ದಿನ ಕೆಳಗೆ ಕೂತವರು ಮೇಲೇಳಲಿಲ್ಲ. ನಾನೂ ನನ್ನ ಗಂಡನೂ ಎತ್ತಿ ಮಲಗಿಸಿದೆವು.

ಅಂದು ಮಧ್ಯಾಹ್ನ ಅವರಿಗೆ ನಿದ್ದೆ ಹತ್ತಿದಾಗಲೂ ನನ್ನ ಸಂಶಯ ನಿದ್ದೆ ಮಾಡಲಿಲ್ಲ. ಮೆಲ್ಲಗೆ ಅವರ ಮೊಣಕಾಲು ಮಡಿಚಿ ಪಾದ ಹೊರಗೆ ತಿರುಗಿಸಿ ನೋಡಿದೆ. ಅದೇ ಜಾಗಕ್ಕೆ ಬಂದು ನಿಂತಿತು. ನಿದ್ದೆಯಲ್ಲಿ ಯಾರೂ ನಾಟಕ ಆಡುವುದಿಲ್ಲ. ನಾನೇ ಈ ಕಾಲನ್ನು ಕೆಡಿಸಿದೆ ಎಂದು ಹೆದರಿ ಅತ್ತುಬಿಟ್ಟೆ.

ಗಂಡನಿಗೆ ಎಲ್ಲ ಹೇಳಿ, ಅವರ ಬೈಗುಳ ತಿಂದು, ಮತ್ತೆ ಹುಮನಾಬಾದಿಗೆ ಹೋಗಿ ಉಸ್ತಾದರ ಮುಂದೆ ತಪ್ಪೊಪ್ಪಿಕೊಂಡೆ.

“ಪರದೆ ಈಚಿ ನಾ ಕುರುಡ ಇದ್ದೆ. ಆಚಿ ನನ್ನ ಕಣ್ಣು ನೀನೇ ಇದ್ದಿ ಬೇಟಿ” ಎಂದರು ಅವರು. ಬೈಯಲಿಲ್ಲ, ಅದೇ ಹೆಚ್ಚು ಚುಚ್ಚಿತು. ಬೈಠಕ್ ಬಿಡಿಸಿದರು. ನೋವು ಇಳಿದ ಮೇಲೆ ಒಂದು ಮಗ್ಗುಲಿಗೆ ಮಲಗಿ ಮೇಲಿನ ಕಾಲನ್ನು ಗೇಣುದ್ದ ಎತ್ತುವುದು, ಗೋಡೆ ಹಿಡಿದು ಕಾಲನ್ನು ಹಿಂದೆ ಮುಂದೆ ತೂಗುವುದು, ಎತ್ತರದ ಮಣೆಯಿಂದ ನಿಧಾನ ಎದ್ದು ಮತ್ತೆ ಕೂರುವುದು, ಸಮನೆಲದಲ್ಲಿ ಇಷ್ಟಿಷ್ಟೇ ನಡೆಯುವುದು. ಇಷ್ಟನ್ನು ದಿನವೂ ತಪ್ಪದೆ ಮಾಡಿಸಲು ಹೇಳಿದರು.

ಮೂರು ತಿಂಗಳು ಹಿಡಿಯಿತು. ನೋವು ಪೂರ್ತಿ ಹೋಗಲಿಲ್ಲ, ಆದರೆ ಅತ್ತೆ ಗೋಡೆ ಹಿಡಿಯದೆ ಹೊಸ್ತಿಲು ದಾಟಿದರು. ಆ ದಿನ ನಾನು ಧೈರ್ಯ ಮಾಡಿ ಕೇಳಿದೆ: “ಅತ್ತ್ಯಾರ, ಅವತ್ತ ನಾ ಸುಳ್ಳ ಹೇಳಿದಾಗ ನೀವ್ಯಾಕ ಸುಮ್ಮನಿದ್ರಿ?”

“ನಮ್ಮ ಸೊಸಿ ಸುಳ್ಳ ಹೇಳಾಕತ್ತಾಳ ಅಂತ ಮಂದಿ ಮನ್ಯಾಗ ಹ್ಯಾಂಗ ಹೇಳ್ಲಿ?”

“ಮನಿಗೆ ಬಂದ ಮ್ಯಾಲರ ಹೇಳಬೇಕಿತ್ತಲ್ರಿ. ಬೈಠಕ್ ಯಾಕ ಹೊಡದ್ರಿ?”

“ನೀ ಎದುರಿಗಿ ನಿಂತು ನೋಡಾಕತ್ತಿದ್ಯಲ್ಲ” ಎಂದರು ಅತ್ತೆ. “ಅಷ್ಟು ನೋಡಿದ ಮ್ಯಾಲರ ನಂಬ್ತಿ ಅನ್ಕೊಂಡೆ.”

ನಾನು ಬರೀ ಎಣಿಸುತ್ತಿದ್ದೆ.