ನಸೀಮಾಳ ಈಜು ಬಿಡಿಸಿದವಳು

ನಸೀಮಾ, ನಿನ್ನ ಈಜು ಬಿಡಿಸಿದ್ದು ನಿನ್ನ ಅಬ್ಬಾ ಅಲ್ಲ, ನಾನು.

ಐರಣಿಯ ಹೊಳೆಯಲ್ಲಿ ನಾವಿಬ್ಬರೂ ಒಟ್ಟಿಗೆ ಈಜು ಕಲಿತೆವು. ನೀನು ಯಾವಾಗಲೂ ನನಗಿಂತ ಮುಂದೆ. ರಾಣೆಬೆನ್ನೂರಿನಲ್ಲಿ ದರ್ಜಿಯಾಗಿದ್ದ ನಿನ್ನ ಅಬ್ಬಾ ನಿನಗೆಂದೇ ತೋಳು ಮುಚ್ಚುವ ನೀಲಿ ಈಜುಡುಗೆ ಹೊಲಿದಿದ್ದರು. ಜಿಲ್ಲಾ ತಂಡದ ಆಯ್ಕೆಯ ಹಿಂದಿನ ದಿನ ನಮ್ಮ ಕಾಲೇಜಿನ ಸಭೆಯಲ್ಲಿ ಹೆಣ್ಣುಮಕ್ಕಳ ಸ್ವಾತಂತ್ರ್ಯದ ಕುರಿತು ನನ್ನ ಭಾಷಣವಿತ್ತು. ಕಿವಿನೋವಿನಿಂದ ನೀನು ಬಂದಿರಲಿಲ್ಲ — ನನಗದು ಗೊತ್ತಿತ್ತು. ಆದರೂ ಹೇಳಿದೆ: "ನಮ್ಮ ನಸೀಮಾ ಇಂದು ಇಲ್ಲಿಲ್ಲ. ಆಕೆಯನ್ನು ಮನೆಯವರು ಕೂಡಿಹಾಕಿದ್ದಾರೆ." ಚಪ್ಪಾಳೆ ಬಿತ್ತು. ಬಾಗಿಲಲ್ಲಿ ನಿನ್ನ ಅಬ್ಬಾ ನಿಂತಿದ್ದರು. ನೋಡಿದೆ. ನಿಲ್ಲಿಸಲಿಲ್ಲ, ದನಿಯನ್ನು ಇನ್ನೂ ಏರಿಸಿದೆ.

ಹೊರಗೆ ಬಂದಾಗ ಅವರು ನಗಲು ನೋಡಿದರು. "ಕಿವಿ ನೋವು ಕಡಿಮಿ ಆಗೇತಿ, ನಾಳಿ ಬರ್ತಾಳ ಅಂತ ಹೇಳಾಕ ಬಂದಿದ್ದೆ. ನಾ ಇಂಥಾಂವ ಅಂತ ನನಗ ಗೊತ್ತ ಇರಲಿಲ್ಲ, ಬೇಟಿ... ಇರಲಿ. ನನ್ನ ಮಗಳ ಹೆಸರು ಇನ್ನ ಮಂದಿ ಬಾಯಾಗ ಬ್ಯಾಡ."

ಮರುದಿನ ನೀನು ಬರಲಿಲ್ಲ. ನಿನ್ನ ಜಾಗಕ್ಕೆ ನಾನು ಆಯ್ಕೆಯಾದೆ. ಸಭೆಯ ಮಾತನ್ನು ನಿನ್ನ ಕಿವಿಗೆ ಯಾರೂ ಹಾಕಲಿಲ್ಲ.

ನಾನು ಹೇಳಿದ್ದು ಸುಳ್ಳು. ಮುಸ್ಲಿಂ ಮನೆಯೆಂದರೆ ಸಭೆ ಸುಲಭವಾಗಿ ನಂಬುತ್ತದೆಂದು ತಿಳಿದೇ ಹೇಳಿದ ಸುಳ್ಳು — ಅದು ಪೂರ್ವಗ್ರಹ. ಅಸೂಯೆಯೂ ಹೌದೇ? ಇಷ್ಟು ವರ್ಷ ಊರವರ ತಪ್ಪುಗಳಿಗೆಲ್ಲ ಹೆಸರಿಟ್ಟವಳಿಗೆ, ಇದರಲ್ಲಿ ಯಾವುದು ಮೊದಲು ಹುಟ್ಟಿತೆಂದು ಇಂದಿಗೂ ತಿಳಿಯದು. ಆ ಚಪ್ಪಾಳೆಯೇ ನನ್ನನ್ನು ಹೆಣ್ಣುಮಕ್ಕಳ ಹಕ್ಕಿನ ಹೋರಾಟಕ್ಕೆ ತಂದಿತು. ಹಾಗಾದರೆ ಆ ಹೋರಾಟವೂ —

ಈಗ, ಈ ನಡುವಯಸ್ಸಿನಲ್ಲಿ, ಹಿರಿಯರ ರಿಲೇ ಈಜಿಗೆ ನಾಲ್ಕನೆಯವಳು ಬೇಕೆಂದು ನಿನ್ನ ಮನೆಗೇ ಬಂದೆ. "ಏ ಹುಚ್ಚಿ, ನಾ ಇಳದ್ರ ಕೊಳದಾಗಿನ ನೀರೆಲ್ಲಾ ಹೊರಗ ಬರ್ತದ," ಎಂದು ನೀನು ನಕ್ಕೆ, ಆದರೂ ಒಪ್ಪಿದೆ. ಹಾವೇರಿಯ ಕೊಳದಲ್ಲಿ ಮೊದಮೊದಲು ಏದುಸಿರು ಬಿಟ್ಟೆ. ಆಮೇಲೆ ನಿನ್ನ ತೋಳುಗಳಿಗೆ ಹೊಳೆ ನೆನಪಾಯಿತೇನೋ, ನನ್ನನ್ನು ಹಿಂದೆ ಹಾಕಿಯೇಬಿಟ್ಟೆ. ಇಂದು ತಲೆ ಒರೆಸಿಕೊಳ್ಳುತ್ತ ನೀನು ಅಂದೆ: "ಈಜೂ ಅರಬಿ ತಾವ ಹೊಲದು ಕೊಟ್ಟು, ಈಜೂದು ತಾವ ಬ್ಯಾಡ ಅಂದ್ರು ನೋಡ ನಿರ್ಮಿ, ನಮ್ಮ ಅಬ್ಬಾ. ಸಾಯೂತನಕ ಯಾಕ ಅಂತ ಹೇಳ್ಲಿಲ್ಲ. ಅದಕ್ಕ ನಾನೂ ಅವರ ಕೂಡ ನೆಟ್ಟಗ ಮಾತಾಡ್ಲಿಲ್ಲ."

ನಾನು ಒದ್ದೆ ಟವೆಲ್ ಹಿಂಡುತ್ತ ನಿಂತೆ.

ಭಾನುವಾರ ಸ್ಪರ್ಧೆ. ಅದು ಮುಗಿಯಲಿ, ಅಲ್ಲಿಯವರೆಗೆ ನಿನ್ನ ಮನಸ್ಸು ಕದಡುವುದು ಬೇಡ ಎಂದುಕೊಂಡೆ. ಬಸ್ಸಿನಲ್ಲಿ ಹೊಳೆಯಿತು — ಮತ್ತೆ ನಿನ್ನ ಪರವಾಗಿ ನಾನೇ ತೀರ್ಮಾನಿಸುತ್ತಿದ್ದೇನೆ. ಮತ್ತೆ ನನ್ನ ಪದಕಕ್ಕಾಗಿ. ನಾಳೆ ಅಭ್ಯಾಸಕ್ಕೆ ನೀನು ನೀರಿಗಿಳಿಯುವ ಮೊದಲೇ ಇದಿಷ್ಟನ್ನೂ ನಿನ್ನೆದುರು ನಿಂತು ಹೇಳುತ್ತೇನೆ. ನೀನು ಇಳಿಯದೇ ಹೋಗಬಹುದು. ನನ್ನ ಮುಖ ನೋಡದೇ ಹೋಗಬಹುದು. ಆದರೆ ಇದನ್ನು ನೀನು ತಿಳಿಯಲೇಬೇಕು, ನಸೀಮಾ: ಅಂದು ನಿನ್ನ ಅಬ್ಬಾ ಅಂಗಡಿ ಮುಚ್ಚಿ ಬಂದದ್ದು, ನಾಳೆ ನನ್ನ ಮಗಳು ಈಜುತ್ತಾಳೆ ಎಂದು ಹೇಳುವುದಕ್ಕೆ.